ಆರು ಬೋಗಸ್ ಕಾರ್ಲ್‌ಗಳು

ಸ್ವೀಡನ್‌ನ ಈಗಿನ ರಾಜರ ಹೆಸರು ಹದಿನಾರನೇ ಕಾರ್ಲ್ ಗುಸ್ತಾವ್. 1973ರಿಂದ ಸಿಂಹಾಸನದ ಮೇಲಿದ್ದಾರೆ. ಹದಿನಾರನೇ ಅಂದಮೇಲೆ ಹಿಂದೆ ಹದಿನೈದು ಕಾರ್ಲ್‌ಗಳು ಆಳಿರಬೇಕು, ಅಲ್ವಾ? ಎಣಿಸಿ ನೋಡಿ. ಒಂಬತ್ತೇ ಜನ ಸಿಗುತ್ತಾರೆ. ಉಳಿದ ಆರು ಜನ ಹುಟ್ಟೇ ಇಲ್ಲ. ಪಟ್ಟಿಯಲ್ಲಿ ಏಳನೇ ಕಾರ್ಲ್ ಅಂತ ಇರುವ ಪುಣ್ಯಾತ್ಮನೇ ನಿಜಕ್ಕೂ ಮೊದಲನೆಯವನು. ಅವನನ್ನು 1167ರಲ್ಲಿ ಕೊಂದರು. ತನ್ನ ಮುಂದೆ ಆರು ಜನ ಆಗಿಹೋಗಿದ್ದರು ಅನ್ನೋದು ಪಾಪ ಅವನಿಗೆ ಸಾಯುವವರೆಗೂ ಗೊತ್ತಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ಇಲ್ಲದ ಕೂಲಿಗಳ ಹೆಸರು ಬರೆದು ಬಿಲ್ ಮಾಡಿಸುವ ಗುತ್ತಿಗೆದಾರರ ಬಗ್ಗೆ ನಮಗೆ ಗೊತ್ತು. ಇಲ್ಲದ ರಾಜರ ಹೆಸರು ಬರೆದು ಇಡೀ ದೇಶದ ಹೆಸರಿಗೆ ಬಿಲ್ ಮಾಡಿಸಿದವನು ಯೊಹಾನೆಸ್ ಮಾಗ್ನುಸ್. ಸ್ವೀಡನ್‌ನ ಉಪ್ಸಾಲಾ ಪಟ್ಟಣದ ಆರ್ಚ್‌ಬಿಷಪ್, ಅಂದರೆ ದೊಡ್ಡ ಪಾದ್ರಿ. ಗುಸ್ತಾವ್ ವಾಸಾ ರಾಜನಾಗಿ ಹಳೇ ಚರ್ಚಿನ ಆಸ್ತಿಗೆ ಕೈ ಹಾಕಿದಾಗ ಇಬ್ಬರಿಗೂ ಆಗಿಬರಲಿಲ್ಲ. ಆರ್ಚ್‌ಬಿಷಪ್ ದೇಶ ಬಿಟ್ಟು ಹೋದವನು ಮರಳಲಿಲ್ಲ, 1544ರಲ್ಲಿ ರೋಮ್‌ನಲ್ಲೇ ತೀರಿಕೊಂಡ. ಪರದೇಶದಲ್ಲಿ ಕೂತು ಬರೆದ ಸ್ವೀಡನ್ ರಾಜರ ಚರಿತ್ರೆಯನ್ನು ಅವನ ತಮ್ಮ 1554ರಲ್ಲಿ ಅಚ್ಚು ಹಾಕಿಸಿದ.

ಆ ಪುಸ್ತಕದ ಪ್ರಕಾರ ಸ್ವೀಡನ್‌ನ ಮೊದಲ ರಾಜ ಬೈಬಲ್‌ನಲ್ಲಿ ಬರುವ ನೋಹನ ಮೊಮ್ಮಗ ಮಾಗೋಗ್. ಜಲಪ್ರಳಯ ಮುಗಿದು 88 ವರ್ಷಕ್ಕೆ ಬಂದನಂತೆ. ಈ 88 ನನಗೆ ತುಂಬಾ ಇಷ್ಟ. ನೂರು ಅಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. 88 ಅಂದರೆ ಯಾರೋ ಕೂತು ರಸೀದಿ ನೋಡಿ ಲೆಕ್ಕ ಹಾಕಿದ ಹಾಗಿರುತ್ತದೆ. ಮಾಗೋಗ್‌ನಿಂದ ಗುಸ್ತಾವ್ ವಾಸಾವರೆಗೆ ಸಾಲು ಸಾಲು ರಾಜರು, ಒಬ್ಬೊಬ್ಬರಿಗೂ ಹೆಸರು, ಗುಣ, ಯುದ್ಧ, ಸಾವು, ಎಲ್ಲ ಇತ್ತು. ಇಲ್ಲದ್ದು ಪುರಾವೆ ಮಾತ್ರ.

ಈಗ ಮಜಾ ನೋಡಿ. ಅಪ್ಪನ ಜೊತೆ ಜಗಳ ಮಾಡಿಕೊಂಡು ಹೋದವನ ಪುಸ್ತಕವನ್ನೇ ಮಕ್ಕಳು ತಲೆ ಮೇಲೆ ಹೊತ್ತುಕೊಂಡರು. ಗುಸ್ತಾವ್ ವಾಸಾನ ಹಿರಿಮಗ 1560ರಲ್ಲಿ ಪಟ್ಟಕ್ಕೆ ಬಂದು ಹದಿನಾಲ್ಕನೇ ಎರಿಕ್ ಆದ. ಹಿಂದಿನ ಹದಿಮೂರು ಎರಿಕ್‌ಗಳಲ್ಲಿ ಸುಮಾರು ಅರ್ಧ ಜನ ಪುಸ್ತಕದ ಕೂಸುಗಳು. ಆಮೇಲೆ 1604ರಲ್ಲಿ ಕಿರಿಮಗ ಒಂಬತ್ತನೇ ಕಾರ್ಲ್ ಆದ. ನಿಜವಾಗಿ ಎಣಿಸಿದರೆ ಅವನು ಮೂರನೆಯವನು. ಟೋಕನ್ ಮೂರನೇದು, ಕೂತದ್ದು ಒಂಬತ್ತರಲ್ಲಿ.

ಯಾಕೆ ಹೀಗೆ ಅಂದರೆ, ಸ್ವೀಡನ್ ಡೆನ್ಮಾರ್ಕ್‌ನ ಕೈಯಿಂದ ಬಿಡಿಸಿಕೊಂಡದ್ದೇ 1523ರಲ್ಲಿ. ಗುಸ್ತಾವ್ ವಾಸಾ ದಂಗೆ ಎದ್ದು ರಾಜನಾದವನು, ಅರಸನ ಮಗನಲ್ಲ. ಪಕ್ಕದ ಡೇನರ ಹತ್ತಿರ ಆಗಲೇ ಉದ್ದುದ್ದ ರಾಜರ ಪಟ್ಟಿ ಇತ್ತು. ಹೊಸ ಸೈಟಿನಲ್ಲಿ ಮನೆ ಕಟ್ಟಿಸಿದವರು ಯಾರದ್ದೋ ಹಳೇ ತೊಟ್ಟಿಮನೆಯ ಕಂಬ ಕೊಂಡು ತಂದು ವರಾಂಡದಲ್ಲಿ ನಿಲ್ಲಿಸಿ "ನಮ್ಮ ತಾತನ ಕಾಲದ್ದು" ಅನ್ನುವುದಿಲ್ಲವಾ, ಇದೂ ಅದೇ.

ಈ ಚಟ ವಾಸಾ ಮನೆತನಕ್ಕಿಂತ ಹಳೇದು. 1434ರಲ್ಲಿ ಬಾಸೆಲ್‌ನಲ್ಲಿ ಚರ್ಚಿನ ಮಹಾಸಭೆ ನಡೆಯುತ್ತಿತ್ತು. ಯಾರು ಎಲ್ಲಿ ಕೂರಬೇಕು ಅಂತ ತಕರಾರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ ಅಂತ ಮುನಿಸಿಕೊಳ್ಳುವ ಬೀಗರ ಹಾಗೆ ಸ್ವೀಡನ್‌ನ ಬಿಷಪ್ ನಿಕೊಲಾಸ್ ರಾಗ್ವಾಲ್ಡಿ ಎದ್ದು ನಿಂತ. ರೋಮ್ ಅನ್ನೇ ಮಣಿಸಿದ ಗೋಥರು ಅನ್ನುವ ಹಳೇ ಬುಡಕಟ್ಟಿನವರು ಹೊರಟದ್ದು ನಮ್ಮ ನೆಲದಿಂದ, ಹಾಗಾಗಿ ನಮಗೆ ಮುಂದಿನ ಸಾಲು ಕೊಡಿ ಅಂದ. ಸ್ಪೇನ್‌ನವರು ಸುಮ್ಮನಿರಲಿಲ್ಲ. ಗೋಥರು ಸ್ಪೇನ್‌ನಲ್ಲೂ ಆಳಿದ್ದರಲ್ಲ. ಧೈರ್ಯ ಇದ್ದವರು ಹೊರಟು ನಮ್ಮ ಕಡೆ ಬಂದರು, ಸೋಮಾರಿಗಳು ಮನೆಯಲ್ಲೇ ಉಳಿದರು, ನೀವು ಆ ಉಳಿದವರ ಮಕ್ಕಳು ಅಂದುಬಿಟ್ಟರು. ಇದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ಯಾರಿಗೂ ಹೊಳೆದಿಲ್ಲ ಅನ್ನಿಸುತ್ತೆ. ಆದರೂ ಸ್ವೀಡನ್‌ನವರಿಗೆ ನಾಚಿಕೆ ಆಗಲಿಲ್ಲ. 1617ರಲ್ಲಿ ಎರಡನೇ ಗುಸ್ತಾವ್ ಅಡೋಲ್ಫ್‌ನ ಪಟ್ಟಾಭಿಷೇಕದ ಉತ್ಸವದಲ್ಲಿ ರಾಜನೇ ಬೆರಿಕ್ ಅನ್ನುವ ಪುರಾತನ ಗೋಥ್ ದೊರೆಯ ವೇಷ ಕಟ್ಟಿಕೊಂಡು ಅಖಾಡಕ್ಕಿಳಿದ. ಶಾಲೆಯ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆ ಅಂದುಕೊಳ್ಳಿ, ಒಂದೇ ವ್ಯತ್ಯಾಸ ಅಂದರೆ ಈ ಹುಡುಗನ ಹತ್ತಿರ ನಿಜವಾದ ಸೈನ್ಯ ಇತ್ತು.

ಪಾದ್ರಿಗಳು, ರಾಜರು ಸುಳ್ಳು ಹೇಳಿದರು, ಬಿಡಿ, ಅದು ಅವರ ಕಸುಬು. ನನಗೆ ಸಂಕಟ ಆಗೋದು ಉಲೋಫ್ ರುಡ್ಬೆಕ್‌ನನ್ನು ನೆನೆದಾಗ. ಈತ ದಡ್ಡನಲ್ಲ. ಇಪ್ಪತ್ತೆರಡು ತುಂಬುವ ಮೊದಲೇ ದೇಹದ ದುಗ್ಧನಾಳಗಳನ್ನು (ಇಂಗ್ಲಿಷಿನಲ್ಲಿ ಲಿಂಫ್ ನಾಳ) ಕಂಡುಹಿಡಿದು 1652ರಲ್ಲಿ ರಾಣಿ ಕ್ರಿಸ್ಟಿನಾ ಮುಂದೆ ತೋರಿಸಿದವನು. ಉಪ್ಸಾಲಾದಲ್ಲಿ ಸಸ್ಯೋದ್ಯಾನ ಮಾಡಿದ, ವಿಶ್ವವಿದ್ಯಾಲಯದ ಕಟ್ಟಡದ ಮೇಲೆ ಗುಮ್ಮಟ ಕಟ್ಟಿಸಿ ಅದರೊಳಗೆ ಹೆಣ ಕೊಯ್ದು ಪಾಠ ಮಾಡುವ ಶಾಲೆ ಮಾಡಿದ. ಇಂಥ ಮನುಷ್ಯ 1679ರಲ್ಲಿ ಒಂದು ಪುಸ್ತಕ ಶುರು ಮಾಡಿದ. ಪ್ಲೇಟೋ ಹೇಳಿದ ಮುಳುಗಿದ ನಾಡು ಅಟ್ಲಾಂಟಿಸ್ ಮುಳುಗಿಲ್ಲ, ಅದು ಸ್ವೀಡನ್ನೇ, ರಾಜಧಾನಿ ನಮ್ಮ ಮನೆ ಹತ್ತಿರದ ಹಳೇ ಉಪ್ಸಾಲಾ! ಸಂಪುಟದ ಮೇಲೆ ಸಂಪುಟ ಬಂತು, 1702ರವರೆಗೂ ಮುಗಿಯಲಿಲ್ಲ. ಅಟ್ಲಾಂಟಿಸ್‌ಗೆ ಪ್ಲೇಟೋ ಗುರುತು ಹೇಳಿದ ಹರ್ಕ್ಯುಲಿಸನ ಕಂಬಗಳು ಎಲ್ಲಿವೆ? ಡೆನ್ಮಾರ್ಕ್ ಪಕ್ಕದ ಜಲಸಂಧಿಯಲ್ಲಿ. ಹರ್ಕ್ಯುಲಿಸ್ ಯಾರು? ಸ್ವೀಡಿಷ್ ಹೆಸರು ಸ್ವಾಮಿ, ದಂಡಿನ ಮುಖ್ಯಸ್ಥ ಅಂತ ಅರ್ಥ. ಗ್ರೀಕರ ಅಕ್ಷರ? ನಮ್ಮ ರೂನ್ ಲಿಪಿಯಿಂದ ಎತ್ತಿದ್ದು.

ಆ ಪುಸ್ತಕದಲ್ಲೊಂದು ಚಿತ್ರ ಇದೆ. ಮಧ್ಯದಲ್ಲಿ ಭೂಗೋಳ. ಡಾಕ್ಟರ್ ರುಡ್ಬೆಕ್ ಕೈಯಲ್ಲಿ ಕತ್ತಿ ಹಿಡಿದು, ಹೆಣದ ಚರ್ಮ ಸುಲಿಯುವ ಹಾಗೆ ನಕ್ಷೆಯನ್ನು ಸುಲಿದು ಒಳಗಿರುವ ಸ್ವೀಡನ್ ತೋರಿಸುತ್ತಿದ್ದಾನೆ. ಸುತ್ತ ಪ್ಲೇಟೋ, ಅರಿಸ್ಟಾಟಲ್, ಟಾಲೆಮಿ, ಟ್ಯಾಸಿಟಸ್ ನಿಂತಿದ್ದಾರೆ. ಅದೂ ಹೇಗೆ, ಪ್ರೊಫೆಸರ್ ಮುಂದೆ ಮೊದಲ ವರ್ಷದ ಮೆಡಿಕಲ್ ಹುಡುಗರ ಥರ!

ವಿಧಾನದಲ್ಲಿ ಮಾತ್ರ ತಪ್ಪು ಹುಡುಕೋದು ಕಷ್ಟ. ಹಳೇ ದಿಬ್ಬಗಳನ್ನು ಅಗೆದು, ಮೇಲೆ ಕೂಡಿಕೊಂಡ ಕಪ್ಪು ಮಣ್ಣಿನ ದಪ್ಪ ಅಳೆದು, ವಯಸ್ಸು ಲೆಕ್ಕ ಹಾಕಿದ. ಆ ಕಾಲಕ್ಕೆ ಅದು ಬಹಳ ಜಾಣ ಕೆಲಸ. ಆದರೆ ಉತ್ತರ ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಲು ಕೂತವನಿಗೆ ಸ್ಕೇಲ್ ಎಷ್ಟು ಚೆನ್ನಾಗಿದ್ದರೇನು?

ಉಪ್ಸಾಲಾದಲ್ಲೇ ಇನ್ನೊಂದು ಸಾಕ್ಷಿ ಇತ್ತು. ಗೋಥ್ ಭಾಷೆಯ ಬೆಳ್ಳಿ ಅಕ್ಷರದ ಬೈಬಲ್. ಬರೆದದ್ದು ಇಟಲಿ ಕಡೆ, ಆರನೇ ಶತಮಾನದಲ್ಲಿ. 1648ರಲ್ಲಿ ಸ್ವೀಡನ್ ಸೈನಿಕರು ಪ್ರಾಗ್‌ನಲ್ಲಿ ಲೂಟಿ ಮಾಡಿ ತಂದರು. ಅಲ್ಲಿಂದ ರಾಣಿಯ ಗ್ರಂಥಪಾಲಕನ ಕೈಗೆ ಹೋಯಿತು. ಅವನಿಂದ ಪ್ರಧಾನ ಸಚಿವ ದೆ ಲಾ ಗಾರ್ಡಿ 1662ರಲ್ಲಿ ದುಡ್ಡು ಕೊಟ್ಟು ಕೊಂಡು, ಬೆಳ್ಳಿ ರಟ್ಟು ಹಾಕಿಸಿ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಲೂಟಿ ಮಾಡಿ ತಂದದ್ದನ್ನು ಮತ್ತೆ ದುಡ್ಡು ಕೊಟ್ಟು ಬಿಡಿಸಿಕೊಂಡು "ಇದು ನಮ್ಮ ಪೂರ್ವಿಕರ ಆಸ್ತಿ" ಅನ್ನುವುದಕ್ಕೆ ಗುಂಡಿಗೆ ಬೇಕು.

1702ರ ಮೇ ತಿಂಗಳಲ್ಲಿ ಉಪ್ಸಾಲಾ ಹೊತ್ತಿ ಉರಿಯಿತು. ಎಪ್ಪತ್ತು ದಾಟಿದ ರುಡ್ಬೆಕ್ ವಿಶ್ವವಿದ್ಯಾಲಯದ ಕಟ್ಟಡದ ಛಾವಣಿ ಹತ್ತಿ ಕೂಗಿ ಕೂಗಿ ಜನರನ್ನು ನಡೆಸಿದ. ಕಟ್ಟಡ ಉಳಿಯಿತು, ಗ್ರಂಥಾಲಯ ಉಳಿಯಿತು. ಅವನ ಸ್ವಂತ ಮನೆ ಹೋಯಿತು, ಅಚ್ಚಾಗುತ್ತಿದ್ದ ಕೊನೆಯ ಸಂಪುಟದ ಬಹುಪಾಲು ಪ್ರತಿಗಳೂ ಹೋದವು. ಅದೇ ವರ್ಷ ತೀರಿಕೊಂಡ. ಇಲ್ಲಿ ನನಗೆ ನಗು ಬರೋದಿಲ್ಲ.

ಆಮೇಲೆ 1709ರಲ್ಲಿ ಪೋಲ್ಟಾವದಲ್ಲಿ ರಷ್ಯನ್ನರ ಕೈಯಲ್ಲಿ ಸೋಲು, 1721ಕ್ಕೆ ಸ್ವೀಡನ್‌ನ ದೊಡ್ಡ ಸಾಮ್ರಾಜ್ಯದ ಕಥೆ ಮುಗಿಯಿತು. ಈಗಲಾದರೂ ಪಟ್ಟಿ ತಿದ್ದಬಹುದಲ್ವಾ? ಉಲೋಫ್ ವಾನ್ ದಾಲಿನ್ ಅನ್ನುವವನು 1747ರಲ್ಲಿ ಹೊಸ ಚರಿತ್ರೆ ತಂದ. ಸೆಲ್ಸಿಯಸ್, ಅದೇ ಥರ್ಮಾಮೀಟರ್ ಸೆಲ್ಸಿಯಸ್, ಸಮುದ್ರದ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಅಂತ ಅಳೆದು ತೋರಿಸಿದ್ದ. ದಾಲಿನ್ ಅದನ್ನೇ ಹಿಡಿದುಕೊಂಡು, ಮಾಗೋಗ್‌ನ ಕಾಲಕ್ಕೆ ಸ್ವೀಡನ್ ನೀರಿನಡಿ ಇತ್ತು, ಅಲ್ಲಲ್ಲಿ ದ್ವೀಪ ಬಿಟ್ಟರೆ ನೆಲವೇ ಇರಲಿಲ್ಲ, ಇಷ್ಟೊಂದು ರಾಜರು ಎಲ್ಲಿ ನಿಂತು ಆಳಿದರು ಅಂದ. ಸಂಸತ್ತಿನ ಪಾದ್ರಿಗಳ ವರ್ಗಕ್ಕೆ ಸಿಟ್ಟು ಬಂತು. ಬೈಬಲ್‌ಗೆ ಹೊಂದುವುದಿಲ್ಲ ಅಂತ ಈ ನೀರಿನ ಮಾತನ್ನೇ ಖಂಡಿಸಿದರು. ನೀರು ಯಾರ ಮಾತೂ ಕೇಳದೆ ಇಳಿಯುತ್ತಲೇ ಇತ್ತು. (ನಿಜವಾಗಿ ನೆಲವೇ ಮೇಲೇಳುತ್ತಿತ್ತು, ಅದು ಬೇರೆ ಕಥೆ.)

ಇಷ್ಟಾದರೂ ನಂಬರ್ ಮಾತ್ರ ಅಲ್ಲಾಡಲಿಲ್ಲ. ಮಾಗೋಗ್‌ನನ್ನು ಇವತ್ತು ಸ್ವೀಡನ್‌ನಲ್ಲಿ ಯಾರೂ ನಂಬುವುದಿಲ್ಲ, ಆದರೆ ರಾಜರ ನಾಣ್ಯದ ಮೇಲೆ ಹದಿನಾರನೇ ಕಾರ್ಲ್ ಅಂತಲೇ ಟಂಕಿಸಿದರು. ಒಂದು ಕ್ರೋನಾ ಕೈಯಿಂದ ಕೈಗೆ ಹೋದಾಗಲೆಲ್ಲ ಹುಟ್ಟದ ಆರು ಜನ ಟಿಕೆಟ್ ಇಲ್ಲದೆ ಓಡಾಡಿದರು. ಈಗ ಅಲ್ಲಿನ ಅಂಗಡಿಗಳಲ್ಲಿ ನಾಣ್ಯ ತೆಗೆದುಕೊಳ್ಳುವವರೇ ಕಮ್ಮಿ, ಎಲ್ಲ ಕಾರ್ಡು, ಮೊಬೈಲು. ಪಾಪ, ಆ ಆರು ಜನ ಯಾವುದೋ ಡ್ರಾಯರ್‌ನಲ್ಲಿ ಬಿದ್ದಿರಬೇಕು.