ನಾಲ್ಕು ಎಂದರೆ ಎಷ್ಟು ತೋರ?

ಮೂವತ್ತೊಂದು ವರ್ಷ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಗಣಿತ ಪಾಠ ಮಾಡಿದ ನಾನು, ಉತ್ತರ ಸರಿಯಿದ್ದರೂ ಏಕಮಾನ ಬರೆಯದ ಮಕ್ಕಳ ಅರ್ಧ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕಳೆಯುತ್ತಿದ್ದೆ. "ನಾಲ್ಕು ಅಂದ್ರೆ ನಾಲ್ಕು ಎಂತ? ಮೀಟರೋ, ಲೀಟರೋ, ನಾಲ್ಕು ಗೋಣಿ ಅಡಿಕೆಯೋ?" ಎಂದು ನಾನು ಕೇಳುತ್ತಿದ್ದ ರೀತಿಯನ್ನು ಹಳೆಯ ವಿದ್ಯಾರ್ಥಿಗಳು ಈಗಲೂ ಮದುವೆ ಮನೆಯ ಪಂಕ್ತಿಯಲ್ಲಿ ಅಣಕಿಸುತ್ತಾರೆಂದು ಕೇಳಿದ್ದೇನೆ. ಹಾಗೆ ಕಳೆದ ಅರ್ಧರ್ಧ ಅಂಕಗಳೆಲ್ಲ ಒಟ್ಟುಗೂಡಿ, ನಿವೃತ್ತನಾದ ಮೇಲೆ ಬಡ್ಡಿ ಸಮೇತ ನನ್ನ ತಲೆಯ ಮೇಲೆ ಬಿದ್ದವು.

ನನ್ನ ಹೆಂಡತಿಗೆ ಊರು ಸುತ್ತುವ ಆಸೆ ಬಹಳ. ಆದರೆ ಹೋಟೆಲಿನ ಚಟ್ನಿಯ ಮೇಲೂ ಲಾಡ್ಜಿನ ಬಚ್ಚಲಿನ ಮೇಲೂ ಅವಳಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಈ ಎರಡನ್ನೂ ಒಟ್ಟಿಗೆ ತೃಪ್ತಿಪಡಿಸುವ ಉಪಾಯವೆಂದು ನಾನು ಕೆಎಲ್ 14 ನಂಬರಿನ ಹಳೆಯ ವ್ಯಾನೊಂದನ್ನು ಕೊಂಡು, ಆಚಾರಿಯನ್ನು ಹಿಡಿದು ಒಳಗೆ ಮಂಚ, ಕಪಾಟು, ಪುಟ್ಟ ಅಡುಗೆ ಕಟ್ಟೆ ಮಾಡಿಸಿ, ಚಲಿಸುವ ಮನೆಯನ್ನಾಗಿ ಮಾರ್ಪಡಿಸಿದೆ. ಅದರ ಕಾಗದಪತ್ರಗಳಿಗಾಗಿ ಅಲೆದದ್ದು ಬೇರೆಯೇ ಪುರಾಣ, ಅದು ಇಲ್ಲಿ ಬೇಡ. ಮಿಕ್ಸಿಗೂ ನೀರು ಕಾಯಿಸುವ ಕೆಟಲ್‌ಗೂ ಕರೆಂಟು ಬೇಕಲ್ಲ. ಅದಕ್ಕಾಗಿ 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿ ಹಿಂಬಾಗಿಲ ಬಳಿ ಇರಿಸಿ, ಇನ್ವರ್ಟರನ್ನು ಮಾತ್ರ ಡ್ರೈವರ್ ಸೀಟಿನ ಬೆನ್ನಿಗೆ ಕೂರಿಸಿದೆ. ಅದರ ಹಸಿರು ದೀಪ ನನಗೆ ಕಾಣುತ್ತಿರಬೇಕೆಂಬುದು ಬಿಟ್ಟರೆ ಈ ಏರ್ಪಾಡಿಗೆ ಬೇರೆ ಕಾರಣವೇನೂ ಇರಲಿಲ್ಲ. ಎರಡರ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದು, "3 ಮೀಟರ್" ಎಂದು ಏಕಮಾನದ ಸಮೇತ ಬರೆದಿಟ್ಟುಕೊಂಡೆ.

ಬ್ಯಾಟರಿಯಿಂದ ಇನ್ವರ್ಟರಿಗೆ ಯಾವ ವಯರು ಎಂಬುದನ್ನು ತಿಳಿಯಲು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ನಮ್ಮ ಅಡಿಕೆ ಅಂಗಳದಷ್ಟು ಉದ್ದದ ಬಸ್ಸುಮನೆಯಲ್ಲಿ ವಾಸವಾಗಿದ್ದ ಅಮೆರಿಕದ ಗಡ್ಡದ ಅಜ್ಜನೊಬ್ಬರು, ನನ್ನದರಷ್ಟೇ ಶಕ್ತಿಯ ಇನ್ವರ್ಟರನ್ನು ತೋರಿಸುತ್ತಾ, ಇದಕ್ಕೆ "ಫೋರ್ ಗೇಜ್" ಸಾಕು ಎಂದರು. ನಾನು ಕ್ಯಾಲೆಂಡರಿನ ಹಿಂದೆ "4" ಎಂದು ಬರೆದುಕೊಂಡೆ. ಬರೆಯುವಾಗ ಕೈ ನಡುಗಲಿಲ್ಲ, ಅರ್ಧ ಅಂಕದ ನೆನಪೂ ಆಗಲಿಲ್ಲ.

ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡೊಡನೆ ಎದ್ದು ನಿಂತು, "ಬನ್ನಿ ಮಾಷ್ಟ್ರೇ" ಎಂದು ಕುರ್ಚಿ ಕೊಟ್ಟ. ಒಂದೇ ವ್ಯಾಪಾರದಲ್ಲಿ ಮೂರು ಭಾಷೆಗಳು ಓಡಾಡುವ ಅಂಗಡಿ ಅದು: ಗಿರಾಕಿಯೊಡನೆ ಕನ್ನಡ, ಕೆಲಸದ ಹುಡುಗನೊಡನೆ ಮಲಯಾಳ, ಸಾಲ ಕೇಳಲು ಬಂದವರೊಡನೆ ತುಳು. ನಾನು "ನಾಲ್ಕರ ವಯರು ಕೊಡು" ಎಂದೆ, ಅವನು ಹುಡುಗನಿಗೆ "ನಾಲ್" ಎಂದ. ಮಲಯಾಳದಲ್ಲೂ ತುಳುವಿನಲ್ಲೂ ನಾಲ್ಕು ನಾಲ್ಕೇ ಆದ್ದರಿಂದ ಈ ಅನಾಹುತದ ಹೊಣೆಯನ್ನು ಗಡಿನಾಡಿನ ಭಾಷಾ ಸಮಸ್ಯೆಯ ಮೇಲೆ ಹೊರಿಸುವ ಅವಕಾಶವೂ ನನಗೆ ಸಿಗಲಿಲ್ಲ. ಬಂದದ್ದು 4 ಚದರ ಮಿಲಿಮೀಟರಿನ ವಯರು. ಮನೆಗಳಲ್ಲಿ ಏಸಿಗೋ ಗೀಸರಿಗೋ ಎಳೆಯುವಂಥದ್ದು. ಅಮೆರಿಕದ ಅಜ್ಜನ ನಾಲ್ಕಾದರೋ ಅವರ ದೇಶದ ಗೇಜಿನ ನಾಲ್ಕು, ಅಂದರೆ ಸುಮಾರು 21 ಚದರ ಮಿಲಿಮೀಟರ್. ನನ್ನದು ಅದರ ಐದನೇ ಒಂದು ಪಾಲು.

ಈ ಗೇಜಿನ ಲೆಕ್ಕವನ್ನು ಆಮೇಲೆ ಓದಿದಾಗ, ಅದನ್ನು ರೂಪಿಸಿದವರು ನನ್ನ ಕೈಯಲ್ಲಿ ಪಾಠ ಕಲಿತವರಲ್ಲ ಎಂಬುದು ಖಚಿತವಾಯಿತು. ಅಚ್ಚಿನ ತೂತುಗಳಲ್ಲಿ ತಂತಿಯನ್ನು ಮತ್ತೆ ಮತ್ತೆ ಎಳೆದು ಸಪೂರ ಮಾಡುತ್ತಿದ್ದ ಕಾಲದಿಂದ ಬಂದ ಪದ್ಧತಿ ಇದಾದ್ದರಿಂದ, ಸಂಖ್ಯೆ ಹೆಚ್ಚಿದಂತೆ ತಂತಿ ಸಪೂರವಾಗುತ್ತದೆ. ಒಂದಕ್ಕಿಂತ ಸೊನ್ನೆ ತೋರ, ಒಂದು ಸೊನ್ನೆಗಿಂತ ಎರಡು ಸೊನ್ನೆ ತೋರ, ನಾಲ್ಕು ಸೊನ್ನೆಯದ್ದು ಎಲ್ಲಕ್ಕಿಂತ ತೋರ. ನನ್ನ ತರಗತಿಯಲ್ಲಿ ಇದೇ ಕ್ರಮವಿದ್ದಿದ್ದರೆ ಎಷ್ಟು ಮಂದಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದರೋ!

ಮನೆಯಲ್ಲಿ ಪರೀಕ್ಷಿಸಿದಾಗ ಎರಡು ದೀಪ, ಒಂದು ಫ್ಯಾನು ಹಾಯಾಗಿ ಓಡಿದವು. ಅವು ಬ್ಯಾಟರಿಯಿಂದ ಎಳೆಯುತ್ತಿದ್ದದ್ದು ನಾಲ್ಕೈದು ಆಂಪಿಯರ್, ಅಷ್ಟಕ್ಕೆ ಆ ವಯರು ಧಾರಾಳ. ಸುಲಭದ ಪ್ರಶ್ನೆ ಕೊಟ್ಟು ನನ್ನನ್ನು ನಾನೇ ಪಾಸು ಮಾಡಿಕೊಂಡು, ಮರುದಿನ ಬೇಕಲದ ಕಡಲ ತೀರಕ್ಕೆ ಹೊರಟೆವು. ಜೊತೆಗೆ ಹೆಂಡತಿಯ ಅಣ್ಣ, ಅಂದರೆ ಭಾವ. ಅವರು ನನ್ನನ್ನು ಕರೆಯುವುದೂ ಭಾವ ಎಂದೇ ಆದ್ದರಿಂದ ನಮ್ಮಿಬ್ಬರ ಮಾತುಕತೆಯಲ್ಲಿ ಯಾರು ಯಾರಿಗೆ ಬುದ್ಧಿ ಹೇಳುತ್ತಿದ್ದಾರೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಅದೊಂದು ಅನುಕೂಲ.

ಬೆಳಿಗ್ಗೆ ಗಾಳಿ ಮರದ ನೆರಳಿನಲ್ಲಿ ವ್ಯಾನು ನಿಲ್ಲಿಸಿ, ಚಹಾಕ್ಕೆಂದು 1000 ವಾಟಿನ ಕೆಟಲನ್ನು ಹಚ್ಚಿದೆ. ಇನ್ವರ್ಟರು ಹಟ ಹಿಡಿದ ಮಗುವಿನಂತೆ ಕೀಂಯ್ ಎಂದು ಕೂಗಿ, ಬ್ಯಾಟರಿ ಖಾಲಿ ಎಂಬ ಕೆಂಪು ದೀಪ ತೋರಿಸಿ ನಿಂತುಹೋಯಿತು. ಹಿಂದಿನ ರಾತ್ರಿಯೆಲ್ಲ ಚಾರ್ಜಾದ ಬ್ಯಾಟರಿ ಖಾಲಿಯಾಗುವುದೆಂತು? ಮೂರು ಸಲ ಹಚ್ಚಿದೆ, ಮೂರು ಸಲವೂ ಅದೇ ಸಂಗೀತ. ಚಹಾ ಇಲ್ಲದಿದ್ದರೆ ಬೇಡ, ಚಟ್ನಿಯಾದರೂ ಆಗಲಿ ಎಂದು ಹೆಂಡತಿ ತೆಂಗಿನತುರಿ, ಹಸಿಮೆಣಸು ಹಾಕಿ 500 ವಾಟಿನ ಮಿಕ್ಸಿ ತಿರುಗಿಸಿದಳು. ಅದು ಓಡಿತು, ಆದರೆ ದಮ್ಮು ಹಿಡಿದವರ ಹಾಗೆ. ಚಟ್ನಿ ಇನ್ನೇನು ನುಣ್ಣಗಾಗಬೇಕು ಎನ್ನುವಷ್ಟರಲ್ಲಿ, "ಎಂತದೋ ಕರಟಿದ ವಾಸನೆ ಬರ್ತಾ ಉಂಟಲ್ಲ" ಎಂದಳು. ನಾನು ಗಾಂಭೀರ್ಯದಿಂದ "ಹೊಸ ಮಿಕ್ಸಿಗಳಲ್ಲಿ ಹಾಗೆ ಬರುತ್ತದೆ" ಎಂದೆ. ಮಿಕ್ಸಿಗೆ ಆಗ ಆರು ವರ್ಷ. ಮಂಚದ ಅಡಿಗೆ ಕೈ ಹಾಕಿ ವಯರನ್ನು ಮುಟ್ಟಿದರೆ, ಬೆಳಿಗ್ಗೆ ಕೋಲಿನಂತೆ ನೆಟ್ಟಗಿದ್ದ ಆ ಕೆಂಪು ವಯರು ಬಿಸಿಲಿಗೆ ಬಾಡಿದ ಬಸಳೆ ದಂಟಿನಂತೆ ಮೆತ್ತಗಾಗಿ, ಬೆರಳಿಟ್ಟ ಜಾಗದಲ್ಲಿ ಬೆರಳಚ್ಚು ಮೂಡಿತು. ಬೆರಳಿನ ಚರ್ಮದ ಸ್ವಲ್ಪ ಭಾಗವೂ ಅಲ್ಲಿಯೇ ಉಳಿಯಿತು.

ಭಾವ ಬಗ್ಗಿ ನೋಡಿದರು. ಅವರು ಓದಿದ್ದು ಎಂಟನೆಯ ತರಗತಿ. ಆದರೆ ಅವರ ತೋಟಕ್ಕೆ ನೀರು ಬರುವುದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ, ಪಂಪಿಲ್ಲದೆ ತಾನಾಗಿ ಹರಿದು, ಆದ್ದರಿಂದ ಹರಿಯುವ ಯಾವುದೇ ವಸ್ತುವಿನ ಮನೋಧರ್ಮ ಅವರಿಗೆ ಗೊತ್ತು. "ಭಾವ, ನಿಮ್ಮ ಬ್ಯಾಟರಿ ಎಷ್ಟು ವೋಲ್ಟು? ಹನ್ನೆರಡಲ್ವಾ? ಅದು ಸುರಂಗದ ನೀರು. ಹಿಂದಿನಿಂದ ದೂಡುವ ಬಲ ಇಲ್ಲ. ನಮ್ಮ ಅಜ್ಜ ಅಡಿಕೆ ಮರ ಸೀಳಿ ನೀರು ಹಾಯಲು ಅಷ್ಟಗಲದ ದಂಬೆ ಇಟ್ಟದ್ದು ಸುಮ್ಮನೆಯಾ? ಮನೆಯ ಕರೆಂಟು ಇನ್ನೂರ ಮೂವತ್ತು, ಅದು ಪಂಪಿನ ನೀರು. ಅರ್ಧ ಇಂಚಿನ ಪೈಪಿನಲ್ಲೂ ಚಿಮ್ಮಿಕೊಂಡು ಹೋಗ್ತದೆ. ನೀವು ಸುರಂಗದ ನೀರಿಗೆ ಅರ್ಧ ಇಂಚಿನ ಪೈಪು ಹಾಕಿದ್ದೀರಿ ಮಾರಾಯ್ರೆ."

ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಯಾವ ಪಾಠವೂ ಇಷ್ಟು ಸ್ಪಷ್ಟವಾಗಿರಲಿಲ್ಲವೆಂದು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ಕಾಗದ, ಪೆನ್ಸಿಲು ಹಿಡಿದು ಕೂತೆ. ಕೆಟಲ್‌ನ 1000 ವಾಟು 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರ್ ಆಗುತ್ತದೆ. ಅದೇ 12 ವೋಲ್ಟಿನಲ್ಲಿ, ಇನ್ವರ್ಟರು ತಾನೇ ತಿನ್ನುವ ಪಾಲನ್ನೂ ಸೇರಿಸಿದರೆ, ಸುಮಾರು 100 ಆಂಪಿಯರ್. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ ಮೀಟರಿಗೆ 0.0172 ಓಮ್ ರೋಧವಿರುತ್ತದೆ. ನಾಲ್ಕರದ್ದಕ್ಕೆ ಅದರ ಕಾಲು ಭಾಗ. ಇದನ್ನು ಮೂರು ಮೀಟರಿನಿಂದ ಗುಣಿಸಿ ಇನ್ನೇನು ಉತ್ತರದ ಅಡಿಗೆ ಗೆರೆ ಎಳೆಯಬೇಕು ಎನ್ನುವಾಗ, ಕರೆಂಟು ಹೋದರೆ ಸಾಲದು, ಹಿಂದಿರುಗಿ ಬರಲೂ ಬೇಕು ಎಂಬುದು ಹೊಳೆಯಿತು. ನಾನು ಅಷ್ಟು ಶಿಸ್ತಿನಿಂದ ಏಕಮಾನ ಬರೆದಿಟ್ಟಿದ್ದ ಆ ಒಂದೇ ಸಂಖ್ಯೆಯೂ ತಪ್ಪು: 3 ಅಲ್ಲ, 6 ಮೀಟರ್. ಲೆಕ್ಕ ಮುಗಿಸಿದಾಗ ದಾರಿಯಲ್ಲೇ ಸೋರಿಹೋಗುತ್ತಿದ್ದದ್ದು ಎರಡೂವರೆ ವೋಲ್ಟು. ಬ್ಯಾಟರಿಯ ಬಾಯಿಯಲ್ಲಿ ಹನ್ನೆರಡು ಚಿಲ್ಲರೆ ಇದ್ದರೂ ಇನ್ವರ್ಟರಿಗೆ ತಲುಪುವುದು ಹತ್ತರ ಒಳಗೆ; ಹತ್ತೂವರೆಗೆ ಇಳಿದರೆ ಬಾಗಿಲು ಹಾಕುವುದು ಅದರ ಧರ್ಮ. ಪಾಪ, ಅದು ಸುಳ್ಳು ಹೇಳಿರಲಿಲ್ಲ. ಮಿಕ್ಸಿಯ ಐವತ್ತು ಆಂಪಿಯರಿಗೆ ವಯರಿನಲ್ಲಿ ಬಿಸಿಯಾಗಿ ಹೋಗುತ್ತಿದ್ದದ್ದು ಸುಮಾರು 65 ವಾಟು. ಅಂದರೆ ಹಳೆಯ ಕಾಲದ ಅರುವತ್ತರ ಬಲ್ಬೊಂದನ್ನು ಹಾಸಿಗೆಯ ಅಡಿಯಲ್ಲಿ ಉರಿಸುತ್ತಾ ನಾವು ಚಟ್ನಿ ಅರೆಯುತ್ತಿದ್ದೆವು.

ಎರಡನೆಯ ಸಲ ಅಂಗಡಿಗೆ ಹೋಗುವ ಮುನ್ನ ನನ್ನ ಜಿಪುಣತನ ಒಂದು ಸಿದ್ಧಾಂತವನ್ನು ಮಂಡಿಸಿತು. ಹೋಗುವ ಕರೆಂಟಿಗೆ ತೋರದ ವಯರು ಬೇಕು, ನಿಜ. ಕೆಲಸ ಮುಗಿಸಿ ದಣಿದು ಬರುವ ಕರೆಂಟಿಗೆ ಹಳೆಯ ಸಪೂರದ್ದೇ ಸಾಲದೆ? ಭಾವ ನನ್ನನ್ನು ಬಹಳ ಹೊತ್ತು ನೋಡಿ, "ನೂರು ಮಂದಿ ಜಾತ್ರೆಗೆ ಹೋದ್ರೆ ನೂರು ಮಂದಿಯೂ ವಾಪಸು ಬರ್ತಾರಲ್ವಾ ಭಾವ?" ಎಂದರು. ಅಲ್ಲಿಗೆ ಸಿದ್ಧಾಂತ ಸತ್ತಿತು.

ಅಂಗಡಿಯಲ್ಲಿ "35ರ ವೆಲ್ಡಿಂಗ್ ಕೇಬಲ್" ಎಂದೆ. ಹಳೆಯ ವಿದ್ಯಾರ್ಥಿ ನೆಲ ನೋಡುತ್ತಾ, ತುಟಿಯಂಚಿನಲ್ಲಿ ನಗು ಅದುಮಿಕೊಂಡು, "ಮೂವತ್ತೈದು ಎಂತ ಮಾಷ್ಟ್ರೇ?" ಎಂದು ಕೇಳಿದ. ಚದರ ಮಿಲಿಮೀಟರ್ ಎಂದು ಬಿಡಿಸಿ ಹೇಳಿದೆ. ಹೋದ ಸಲವೇ ಯಾಕೆ ಕೇಳಲಿಲ್ಲವೆಂದು ಗದರಿದರೆ, "ನಿಮ್ಮ ಹತ್ರ ಕೇಳುವ ಧೈರ್ಯ ಉಂಟಾ?" ಎಂದ. ಕೂದಲಿನಂಥ ಎಳೆಗಳಿಂದ ಹೊಸೆದ ಆ ಕೇಬಲ್ ಅಷ್ಟು ತೋರವಿದ್ದರೂ ಹಗ್ಗದಂತೆ ಬಳುಕುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು, ಒಳಗೆ ಬೆಳ್ಳಗೆ ಕಾಣುತ್ತದೆಯೋ ಎಂದು ಅವನೇ ಪರೀಕ್ಷಿಸಿ ಕೊಟ್ಟ. ಅಲ್ಯೂಮಿನಿಯಮ್ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್‌ಗಳೂ ಮಾರುಕಟ್ಟೆಯಲ್ಲಿವೆಯಂತೆ; ಅವುಗಳ ರೋಧ ಹೆಚ್ಚಾದ್ದರಿಂದ ಅಲ್ಲಿ 35 ಎಂಬುದು ಬರಿಯ ಹೆಸರಿಗಷ್ಟೆ.

ಇಲ್ಲಿಗೂ ಮುಗಿಯಲಿಲ್ಲ. ಕೇಬಲಿನ ತುದಿಗೆ, ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜಿ ಕೂರಿಸಿದ್ದು ನಾನೇ. ಕೆಟಲ್ ಈ ಸಲ ನೀರು ಕಾಯಿಸಿತೇನೋ ಹೌದು, ಜೊತೆಗೆ ಒಂದು ಲಗ್ಗೂ ಕಾದ ಕಾವಲಿಯಂತಾಯಿತು. ಜೋಡಣೆ ಸಡಿಲವಿದ್ದು 5 ಮಿಲಿಓಮ್ ರೋಧ ಉಳಿದರೂ ನೂರು ಆಂಪಿಯರಿಗೆ ಅದೊಂದೇ ಬಿಂದುವಿನಲ್ಲಿ 50 ವಾಟು ಸುಡುತ್ತದೆ. ಕೊನೆಗೆ ಹೈಡ್ರಾಲಿಕ್ ಪ್ರೆಸ್ ಇದ್ದ ಕಡೆ ಕೊಂಡುಹೋಗಿ ಹೊಸ ಲಗ್ಗು ಒತ್ತಿಸಿದೆ. ಪ್ಲಸ್ಸನ್ನು ಒಂದು ಬ್ಯಾಟರಿಯಿಂದ, ಮೈನಸ್ಸನ್ನು ಇನ್ನೊಂದರಿಂದ ತೆಗೆದದ್ದೂ ಅಲ್ಲಿಯವರದೇ ಸಲಹೆಯಂತೆ. ಹಾಗಿದ್ದರೆ ಎರಡೂ ಬ್ಯಾಟರಿಗಳು ಸಮನಾಗಿ ದುಡಿಯುತ್ತವೆ, ಒಂದೇ ಎತ್ತು ನೊಗ ಎಳೆದು ಇನ್ನೊಂದು ಮೆಲುಕು ಹಾಕುತ್ತಾ ನಡೆಯುವಂತಾಗುವುದಿಲ್ಲ. "ಫ್ಯೂಸ್ ಎಲ್ಲಿ?" ಎಂದು ಅಲ್ಲಿಯವರು ಕೇಳಿದಾಗ ನಾನು ಇನ್ವರ್ಟರಿನೊಳಗಿದೆ ಎಂದೆ. ಅವರು ಉತ್ತರಿಸದೆ, 150 ಆಂಪಿಯರಿನದ್ದೊಂದನ್ನು ಬ್ಯಾಟರಿಯ ಪ್ಲಸ್ ತುದಿಗೆ ಗೇಣಿನ ದೂರದಲ್ಲಿ ಬಿಗಿದರು. ನಡುದಾರಿಯಲ್ಲಿ ಕೇಬಲ್ ತಗಡಿಗೆ ಉಜ್ಜಿ ಶಾರ್ಟ್ ಆದರೆ, ಇನ್ವರ್ಟರಿನೊಳಗಿನ ಫ್ಯೂಸು ಅದನ್ನು ತಡೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಇನ್ವರ್ಟರನ್ನೇ ಎಬ್ಬಿಸಿ ಬ್ಯಾಟರಿಯ ಮಗ್ಗುಲಿಗೆ ಕೂರಿಸಿದೆ. ಈಗ ನಡುವೆ ಇರುವುದು ಒಂದು ಮೀಟರ್, ಹೋಗಿ ಬರಲು ಎರಡು. ಕೆಟಲ್ ಕುದಿಯುವಾಗಲೂ ದಾರಿಯಲ್ಲಿ ಕಳೆಯುವುದು ಒಂದು ವೋಲ್ಟಿನ ಹತ್ತನೇ ಒಂದು ಪಾಲು. ಉಳಿದ ದೂರಕ್ಕೆ 230 ವೋಲ್ಟಿನ ಮಾಮೂಲಿ ಸಪೂರ ವಯರು. ಹಸಿರು ದೀಪ ನನಗೆ ಕಾಣುವುದಿಲ್ಲ. ರಾಣಿಪುರಂ ಬೆಟ್ಟದ ಬುಡದಲ್ಲಿ ಮಂಜು ಕರಗುವ ಮುನ್ನವೇ ಚಹಾ ಆಯಿತು, ಚಟ್ನಿ ನುಣ್ಣಗಾಯಿತು, ಹೆಂಡತಿ ಮಾತ್ರ ಮಿಕ್ಸಿ ತಿರುಗುವಷ್ಟು ಹೊತ್ತೂ ಮಂಚದ ಅಡಿಗೆ ಮೂಗು ಚಾಚಿಯೇ ಇದ್ದಳು.

ಮೆತ್ತಗಾಗಿದ್ದ ನಾಲ್ಕರ ವಯರನ್ನು ಬಿಸಾಡಲು ಮನಸ್ಸಾಗದೆ ಹಿತ್ತಿಲಿನ ಎರಡು ಕಂಬಗಳ ನಡುವೆ ಬಿಗಿದಿದ್ದೇನೆ. ನಾಲ್ಕು ಒದ್ದೆ ಬೈರಾಸುಗಳ ಭಾರವನ್ನು ಅದು ಚೆನ್ನಾಗಿಯೇ ತಾಳುತ್ತದೆ.