ತೊಟ್ಟಿಲು ಕೊಳ್ಳುವ ಮುನ್ನ ಮಂಚವನ್ನು ಅಳೆಯಿರಿ

ಮಂಚದ ಪಕ್ಕಕ್ಕೆ ತಗುಲಿಸಿ ಇಡುವ ತೊಟ್ಟಿಲನ್ನು, ಅಂದರೆ ಅಂಗಡಿಗಳಲ್ಲಿ ಬೆಡ್‌ಸೈಡ್ ಕ್ರಿಬ್ ಎಂಬ ಹೆಸರಿನಲ್ಲಿ ಸಿಗುವ ವಸ್ತುವನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ನಾನು ಅವರನ್ನು ಮರಳಿ ಕೇಳುವುದು ನಿಮ್ಮ ಮನೆಯ ಮಂಚ ಎಂಥದ್ದು ಎಂದು. ಕೇಳಿದವರಿಗೆ ಇದು ಉತ್ತರ ತಪ್ಪಿಸಿಕೊಳ್ಳುವ ಉಪಾಯದಂತೆ ಕಾಣಬಹುದು. ಆದರೆ ನಾಲ್ಕೂ ಬದಿ ಎತ್ತರವಾಗಿರುವ ಸಾಮಾನ್ಯ ತೊಟ್ಟಿಲು ತನ್ನಷ್ಟಕ್ಕೆ ತಾನೇ ಪೂರ್ಣವಾದ ವಸ್ತು. ಒಂದು ಬದಿಯನ್ನು ತಗ್ಗಿಸಿ ಮಂಚಕ್ಕೆ ಜೋಡಿಸುವ ತೊಟ್ಟಿಲು ಹಾಗಲ್ಲ. ಅದರ ನಾಲ್ಕನೆಯ ಗೋಡೆ ನಿಮ್ಮ ಮಂಚವೇ. ಒಂದು ಮನೆಯಲ್ಲಿ ಅಚ್ಚುಕಟ್ಟಾಗಿ ಕೂಡಿಕೊಂಡ ಅದೇ ತೊಟ್ಟಿಲು ಇನ್ನೊಂದು ಮನೆಯಲ್ಲಿ ಮಂಚಕ್ಕೂ ತನಗೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟು ನಿಲ್ಲಬಹುದು, ಮತ್ತು ನವಜಾತ ಶಿಶುವಿನ ಮಟ್ಟಿಗೆ ಆ ಸಂದು ಸಣ್ಣದಲ್ಲ.

ಈ ಬಗೆಯ ತೊಟ್ಟಿಲು ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಅನುಕೂಲವಿದ್ದರೆ ಖಂಡಿತ ಬೇಕು ಎಂಬುದೇ. ಅಮೆರಿಕದ ಮಕ್ಕಳ ತಜ್ಞರ ಸಂಘಟನೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪರಿಷ್ಕರಿಸಿದ ಸಲಹೆಯ ತಿರುಳು ಇಷ್ಟು: ಕನಿಷ್ಠ ಮೊದಲ 6 ತಿಂಗಳು ಮಗು ತಂದೆತಾಯಿಯರ ಕೋಣೆಯಲ್ಲೇ ಮಲಗಲಿ, ಆದರೆ ಅವರ ಹಾಸಿಗೆಯಲ್ಲಿ ಅಲ್ಲ, ತನ್ನದೇ ಆದ ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ. ಬಾಣಂತಿ ಕೋಣೆಯಲ್ಲಿ ತಾಯಿ ಮಗುವನ್ನು ಬೇರ್ಪಡಿಸುವ ಯೋಚನೆಯೇ ಇಲ್ಲದ ನಮಗೆ ಈ ಸಲಹೆಯ ಮೊದಲರ್ಧ ಹೊಸದೇನಲ್ಲ. ಕಷ್ಟವಿರುವುದು ಎರಡನೆಯ ಅರ್ಧದಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಹೆರಿಗೆಗಳ ಪೈಕಿ ಶೇ 31.5ರಷ್ಟು ಸಿಸೇರಿಯನ್. ಹೊಟ್ಟೆಯ ಮೇಲೆ ಹೊಲಿಗೆ ಇರುವ ತಾಯಿ ಎರಡು ಮೂರು ಗಂಟೆಗೊಮ್ಮೆ ಎದ್ದು, ಆಳವಾದ ತೊಟ್ಟಿಲಿಗೆ ಬಗ್ಗಿ ಮಗುವನ್ನು ಎತ್ತಿ, ಹಾಲು ಕುಡಿಸಿ, ಮತ್ತೆ ಬಗ್ಗಿ ಮಲಗಿಸಬೇಕೆಂದು ಹೇಳುವುದು ಸುಲಭ. ನಾಲ್ಕನೆಯ ರಾತ್ರಿಗೆ ಮಗು ಅವಳ ಪಕ್ಕದಲ್ಲೇ ಮಲಗಿರುತ್ತದೆ. ಕೈ ಚಾಚಿದರೆ ಸಿಗುವ ತೊಟ್ಟಿಲಿನ ನಿಜವಾದ ಪ್ರಯೋಜನ ಇಲ್ಲಿದೆ. ಹಾಗೆಂದು ಇದನ್ನು ಕೊಳ್ಳಲೇಬೇಕೆಂದಿಲ್ಲ. ಬದಿ ತೆರೆಯುವುದು ಅನುಕೂಲವೇ ಹೊರತು ಹೆಚ್ಚಿನ ಸುರಕ್ಷತೆಯಲ್ಲ. ಮಂಚದ ಪಕ್ಕದಲ್ಲಿಟ್ಟ ಸಾದಾ ತೊಟ್ಟಿಲು ಮಗುವನ್ನು ಅಷ್ಟೇ ಚೆನ್ನಾಗಿ ಕಾಯುತ್ತದೆ.

ನಾವೆಲ್ಲ ಅಮ್ಮನ ಮಗ್ಗುಲಲ್ಲೇ ಮಲಗಿ ಬೆಳೆಯಲಿಲ್ಲವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ಅವರು ಮಲಗಿಸಿಕೊಂಡದ್ದು ಹೆಚ್ಚಾಗಿ ನೆಲದ ಮೇಲೆ, ಚಾಪೆ ಮತ್ತು ತೆಳ್ಳನೆಯ ಗಾದಿಯ ಮೇಲೆ. ಇಂದಿನ ಮೆತ್ತನೆಯ ಫೋಮ್ ಹಾಸಿಗೆ, ಅದರ ಮೇಲೆ ದಪ್ಪ ರಜಾಯಿ, ನಾಲ್ಕು ತಲೆದಿಂಬು, ಪಕ್ಕದಲ್ಲಿ ದಣಿದು ಮಲಗಿದ ಗಂಡ, ಇವೆಲ್ಲವುಗಳ ನಡುವೆ ಮೂರು ಕಿಲೋದ ಮಗು ಎಂಬ ಚಿತ್ರವೇ ಬೇರೆ. ನ್ಯೂಜಿಲೆಂಡಿನ ಮಾವೊರಿ ಜನರಲ್ಲೂ ಮಗುವನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುವ ರೂಢಿ ಗಟ್ಟಿಯಾಗಿತ್ತು, ನಿದ್ದೆಯಲ್ಲಿ ಶಿಶುಗಳು ಹಠಾತ್ತಾಗಿ ಸಾಯುವ ಪ್ರಮಾಣವೂ ಅವರಲ್ಲಿ ಹೆಚ್ಚಿತ್ತು. ಅಲ್ಲಿನವರು ರೂಢಿಯನ್ನು ಹಳಿಯುತ್ತ ಕೂಡಲಿಲ್ಲ. ಸ್ಥಳೀಯ ನಾರಿನಿಂದ ಹೆಣೆದ ವಹಕುರಾ ಎಂಬ ಪುಟ್ಟ ಬುಟ್ಟಿಯನ್ನು 2006ರ ಸುಮಾರಿಗೆ ಬಳಕೆಗೆ ತಂದರು. ಬುಟ್ಟಿ ಹಿರಿಯರ ಹಾಸಿಗೆಯ ಮೇಲೆಯೇ ಇರುತ್ತದೆ, ಮಗು ಬುಟ್ಟಿಯೊಳಗೆ ತನ್ನದೇ ಜಾಗದಲ್ಲಿ ಮಲಗುತ್ತದೆ. ಮನೆಯ ಅಜ್ಜಿಯೊಡನೆ ವಾದಕ್ಕಿಳಿಯುವ ಬದಲು ಮಗುವನ್ನು ಅವರ ಕಣ್ಣಳತೆಯಲ್ಲೇ ಇಟ್ಟು, ಜಾಗವನ್ನು ಮಾತ್ರ ಬೇರೆ ಮಾಡುವ ಇಂಥ ದಾರಿ ನಮಗೂ ಒಗ್ಗುತ್ತದೆ.

ಇನ್ನು ಅಳತೆಯ ಮಾತು. ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಮೈವರೆಗಿನ ಎತ್ತರವನ್ನು, ಅಂಚಿನಲ್ಲಿ ಒಬ್ಬರು ಮಲಗಿದ್ದಾಗ, ಟೇಪು ಹಿಡಿದು ನೋಡಿ. ಹಳೆಯ ಹತ್ತಿ ಹಾಸಿಗೆಯಾದರೆ ಖಾಲಿ ಇದ್ದಾಗಿನ ಎತ್ತರಕ್ಕೂ ಮಲಗಿದಾಗಿನ ಎತ್ತರಕ್ಕೂ ಗಣನೀಯ ವ್ಯತ್ಯಾಸವಿರುತ್ತದೆ. ತೊಟ್ಟಿಲಿನೊಳಗಿನ ಹಾಸು ಇದಕ್ಕೆ ಸಮನಾಗಿ ಅಥವಾ ತುಸು ಕೆಳಗೆ ಇರಬೇಕು. ಮೇಲಿದ್ದರೆ ಮಗು ಹಿರಿಯರ ಹಾಸಿಗೆಯತ್ತ ಉರುಳಬಹುದು, ತೀರ ಕೆಳಗಿದ್ದರೆ ಹಿರಿಯರ ಹೊದಿಕೆ ಮಗುವಿನ ಮೇಲೆ ಬೀಳಬಹುದು. ಮುಂದಿನದು ನಮ್ಮಲ್ಲಿ ಬಹುತೇಕರಿಗೆ ವಸ್ತು ಮನೆಗೆ ಬಂದ ಮೇಲೆಯೇ ಗೊತ್ತಾಗುವ ಸಂಗತಿ. ಈ ತೊಟ್ಟಿಲುಗಳಲ್ಲಿ ಹಲವಕ್ಕೆ ಮಂಚದ ಅಡಿಗೆ ನುಗ್ಗಿ ನಿಲ್ಲುವ ಉದ್ದನೆಯ ಪಾದಗಳಿರುತ್ತವೆ, ಏಕೆಂದರೆ ಅವುಗಳನ್ನು ರೂಪಿಸಿದವರ ಕಣ್ಣ ಮುಂದಿದ್ದುದು ಅಡಿಯಲ್ಲಿ ಖಾಲಿ ಜಾಗವಿರುವ ಮಂಚ. ನಮ್ಮ ಮನೆಗಳಲ್ಲೀಗ ಸಾಮಾನ್ಯವಾಗಿರುವುದು ನೆಲದವರೆಗೂ ಹಲಗೆ ಹೊಡೆದು, ಒಳಗೆ ರಗ್ಗು ದಿಂಬು ತುಂಬಿಡುವ ಬಾಕ್ಸ್ ಮಂಚ. ಪಾದಗಳು ಒಳಗೆ ಹೋಗದೆ ತೊಟ್ಟಿಲು ಅಷ್ಟು ದೂರಕ್ಕೇ ನಿಂತುಬಿಡುತ್ತದೆ. ಹಾಸಿಗೆಗಿಂತ ಒಂದೆರಡು ಇಂಚು ಹೊರಕ್ಕೆ ಚಾಚಿದ ಮರದ ಚೌಕಟ್ಟು ಇರುವ ಮಂಚಗಳಲ್ಲೂ ಇದೇ ತೊಡಕು: ತೊಟ್ಟಿಲು ಚೌಕಟ್ಟಿಗೆ ತಾಗುತ್ತದೆ, ಹಾಸಿಗೆಗೆ ತಾಗುವುದಿಲ್ಲ.

ಆಗ ಆ ಸಂದಿಗೆ ಟವೆಲ್ ಸುತ್ತಿ ಇಡಿ, ದಿಂಬು ತುರುಕಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ, ಅಂಗಡಿಯವರೂ ಅವರಲ್ಲಿ ಸೇರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತುರುಕಿದ ಬಟ್ಟೆ ರಾತ್ರಿ ಸರಿಯುತ್ತದೆ. ಸರಿದಾಗ ಸಂದೂ ಉಳಿಯುತ್ತದೆ, ಮಗುವಿನ ಮುಖದ ಹತ್ತಿರ ಮೆತ್ತನೆಯ ಬಟ್ಟೆಯೂ ಬಂದು ಸೇರುತ್ತದೆ. ತೊಟ್ಟಿಲಿನೊಂದಿಗೆ ಬರುವ ಪಟ್ಟಿಗಳನ್ನು ಮಂಚದ ಚೌಕಟ್ಟಿಗೋ ಹಾಸಿಗೆಯ ಆಚೆ ಬದಿಗೋ ಸುತ್ತಿ ಬಿಗಿದ ಮೇಲೆ, ತೊಟ್ಟಿಲನ್ನು ಹಿಡಿದು ಎಳೆದರೂ ಅದು ಅಲುಗಬಾರದು, ನಡುವೆ ಬೆರಳು ತೂರಬಾರದು. ಗಾಲಿಗಳಿದ್ದರೆ ಬೀಗ ಹಾಕಿರಬೇಕು. ಇಷ್ಟು ಸಾಧ್ಯವಾಗದ ಮಂಚ ನಿಮ್ಮದಾಗಿದ್ದರೆ ತಗ್ಗಿಸುವ ಬದಿಯನ್ನು ಏರಿಸಿಯೇ ಬಳಸಿ, ಇಲ್ಲವೇ ಸಾದಾ ತೊಟ್ಟಿಲನ್ನೇ ಕೊಳ್ಳಿ. ಪಟ್ಟಿಗಳು ಮೊದಲ ವಾರ ಬಿಗಿಯಾಗಿದ್ದು, ಆಮೇಲೆ ಹಾಸಿಗೆಯ ಬಟ್ಟೆ ಬದಲಿಸುವಾಗ ಸಡಿಲಿಸಿ ಹಾಗೆಯೇ ಬಿಟ್ಟುಬಿಡುವುದು ನಾನು ಕಂಡ ಹೆಚ್ಚಿನ ಮನೆಗಳ ಕಥೆ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಎಳೆದು ನೋಡುವ ಕೆಲಸವನ್ನು ಮನೆಯ ಗಂಡಸರಿಗೆ ವಹಿಸಿದರೆ ಯಾರಿಗೂ ಹೊರೆಯಾಗದು.

ಪೂರ್ತಿ ಇಳಿದು ಮಟ್ಟಸವಾಗಿಬಿಡುವ ಬದಿ ನನಗೆ ಒಪ್ಪಿಗೆಯಲ್ಲ. ಯುರೋಪಿನ ಇಎನ್ 1130 ಎಂಬ ಮಾನದಂಡದ 2019ರ ಆವೃತ್ತಿಯ ಪ್ರಕಾರ, ಮಂಚದ ಕಡೆಯ ಬದಿಯನ್ನು ಇಳಿಸಿದಾಗಲೂ ತೊಟ್ಟಿಲಿನ ಹಾಸಿನಿಂದ ಕನಿಷ್ಠ 120 ಮಿಲಿಮೀಟರ್ ಎತ್ತರದ ತಡೆ ಉಳಿಯಬೇಕು. ಅಮೆರಿಕದಲ್ಲಿ ಬೆಡ್‌ಸೈಡ್ ತೊಟ್ಟಿಲುಗಳಿಗೆಂದೇ ಎಎಸ್‌ಟಿಎಂ ಎಫ್ 2906 ಎಂಬ ಮಾನದಂಡವಿದೆ. ಪೆಟ್ಟಿಗೆಯ ಮೇಲೆ ಇವೆರಡರಲ್ಲಿ ಒಂದರ ಉಲ್ಲೇಖ ಇದೆಯೇ ನೋಡಿ. ‘ಅಂತಾರಾಷ್ಟ್ರೀಯ ಗುಣಮಟ್ಟ’ ಎಂದಷ್ಟೇ ಬರೆದಿದ್ದರೆ ಅದು ಜಾಹೀರಾತು. ಬದಿಗಳಲ್ಲಿ ಜಾಲರಿ ಬಟ್ಟೆ ಇದ್ದರೆ ಒಳ್ಳೆಯದು, ತಾಯಿಗೆ ಮಲಗಿದಲ್ಲಿಂದಲೇ ಮಗು ಕಾಣುತ್ತದೆ, ಗಾಳಿಯೂ ಆಡುತ್ತದೆ. ಮರದ ಕಂಬಿಗಳಿದ್ದರೆ ನಡುವಣ ಅಂತರ 6 ಸೆಂಟಿಮೀಟರ್ ಮೀರಬಾರದು.

ತೊಟ್ಟಿಲು ಸರಿಯಾಗಿದ್ದೂ ಕೆಡುವುದು ಅದರೊಳಗೆ ನಾವು ತುಂಬುವ ಸಾಮಾನಿನಿಂದ. ಕಂಪನಿ ಕೊಡುವ ಹಾಸು ಗಟ್ಟಿಯಾಗಿದೆ, ತೆಳ್ಳಗಿದೆ, ಮಗುವಿನ ಬೆನ್ನು ನೋಯುತ್ತದೆ ಎಂದು ಮರುಗಿ ಅದರ ಮೇಲೆ ಕೌದಿ ಮಡಚಿ ಹಾಸುತ್ತೇವೆ. ಅದು ಗಟ್ಟಿಯಾಗಿರುವುದು ಬೇಕೆಂದೇ: ಮಗು ಮಗುಚಿಕೊಂಡರೂ ಮುಖ ಹುದುಗಿ ಉಸಿರು ಕಟ್ಟಬಾರದು. ಮೇಲೊಂದು ಹಾಸು ಸೇರಿಸಿದರೆ ತಡೆಯ ಎತ್ತರವೂ ಅಷ್ಟು ಕುಗ್ಗುತ್ತದೆ. ಬದಿಗಳಿಗೆ ಕಟ್ಟುವ ಮೆತ್ತೆಯನ್ನು ಅಮೆರಿಕದಲ್ಲಿ 2022ರ ಕಾನೂನು ನಿಷೇಧಿಸಿತು. ನಮ್ಮಲ್ಲಿ ಅದೇ ಮೆತ್ತೆ ದಿಂಬು, ರಜಾಯಿಗಳೊಂದಿಗೆ ಬೆಡ್ಡಿಂಗ್ ಸೆಟ್ ಎಂಬ ಹೆಸರಿನಲ್ಲಿ ಉಡುಗೊರೆಯಾಗಿ ಬರುತ್ತದೆ. ಸೀಮಂತಕ್ಕೆ ಬಂದವರ ಪ್ರೀತಿಯನ್ನು ಸ್ವೀಕರಿಸಿ, ಸೆಟ್ಟನ್ನು ಬೀರುವಿನಲ್ಲಿಡಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬಿಗೂ ಇದೇ ಮಾತು ಸಲ್ಲುತ್ತದೆ. ಎಚ್ಚರವಿದ್ದಾಗ, ಯಾರಾದರೂ ಎದುರಿಗೆ ಕುಳಿತು ನೋಡುತ್ತಿರುವಾಗ, ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ತಲೆಯ ಆಕಾರಕ್ಕೂ ಕತ್ತಿನ ಬಲಕ್ಕೂ ಒಳ್ಳೆಯದು. ಕುಲಾವಿಯ ವಿಷಯ ಎತ್ತಿದರೆ ಜಗಳವಾಗುತ್ತದೆಂದು ನನಗೆ ಗೊತ್ತು. ಆದರೂ ಹೇಳುತ್ತೇನೆ: ಮಗುವಿನ ಮೈಯಲ್ಲಿ ಹೆಚ್ಚಾದ ಬಿಸಿ ಹೊರಹೋಗುವುದರಲ್ಲಿ ತಲೆಯ ಪಾಲು ದೊಡ್ಡದು, ಮನೆಯೊಳಗೆ ನಿದ್ದೆಯ ಹೊತ್ತಿನಲ್ಲಿ ತಲೆಯನ್ನು ಮುಚ್ಚಿಡುವುದು ಸಲ್ಲದು, ಕುಲಾವಿ ಸರಿದರೆ ಮೂಗಿಗೂ ಬರುತ್ತದೆ.

ಸಮತಟ್ಟು ಎಂಬುದನ್ನು ಇನ್ನೊಮ್ಮೆ ಒತ್ತಿ ಹೇಳಬೇಕಾಗಿದೆ. ಹಲವು ತೊಟ್ಟಿಲುಗಳಲ್ಲಿ ಒಂದು ಕಡೆಯ ಕಾಲನ್ನು ಎತ್ತರಿಸಿ ಓರೆ ಮಾಡುವ ಸೌಲಭ್ಯವಿರುತ್ತದೆ, ಹಾಲು ಕಕ್ಕುವ ಮಕ್ಕಳಿಗೆ ಅನುಕೂಲ ಎಂದು ಅದನ್ನು ಮಾರಲಾಗುತ್ತದೆ. ಅಮೆರಿಕದಲ್ಲಿ 2019ರ ಏಪ್ರಿಲ್‌ನಲ್ಲಿ ಫಿಶರ್-ಪ್ರೈಸ್ ಕಂಪನಿ ತನ್ನ ರಾಕ್ ಎನ್ ಪ್ಲೇ ಎಂಬ ಓರೆ ತೊಟ್ಟಿಲುಗಳನ್ನು, ಸುಮಾರು 47 ಲಕ್ಷದಷ್ಟು, ಶಿಶುಮರಣಗಳ ವರದಿಗಳ ಬಳಿಕ ಹಿಂದಕ್ಕೆ ಪಡೆಯಿತು; 10 ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗುವ ಸಾಧನಗಳನ್ನು 2022ರ ಅದೇ ಕಾನೂನು ನಿಷೇಧಿಸಿತು. ಓರೆಯಲ್ಲಿ ಮಲಗಿದ ಎಳೆಗೂಸಿನ ತಲೆ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ತಾಗಿ, ಉಸಿರಿನ ದಾರಿ ಕಿರಿದಾಗುತ್ತದೆ. ಹಾಲು ಕಕ್ಕುವ ಭಯಕ್ಕೆ ಮಗ್ಗುಲಾಗಿ ಮಲಗಿಸುವುದೂ ಬೇಡ. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳದ ಮೇಲ್ಗಡೆ ಇರುವುದರಿಂದ ಕಕ್ಕಿದ ಹಾಲು ಅನ್ನನಾಳದ ಕಡೆಗೇ ಜಾರುತ್ತದೆ. ಅಂಗಾತ ಮಲಗಿಸಿ ಎಂಬ ಪ್ರಚಾರ ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಮೇಲೆ ಅಲ್ಲಿ ಶಿಶುಗಳ ಹಠಾತ್ ಸಾವಿನ ಪ್ರಮಾಣ ಹತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು. ಸೀರೆಯ ಜೋಲಿಯಲ್ಲೂ ಮೈ ಬಾಗುತ್ತದೆ, ಮುಖದ ಹತ್ತಿರ ಬಟ್ಟೆ ಕೂಡುತ್ತದೆ. ಹಗಲಿನಲ್ಲಿ ತೂಗಿ ಸಮಾಧಾನ ಮಾಡಲು ಬಳಸುವವರು ಎದುರಿಗೇ ಇರಲಿ, ರಾತ್ರಿಯ ನಿದ್ದೆಗೆ ಅದು ಬೇಡ.

ಬಂಧುಗಳಿಂದ ಬಂದ ಹಳೆಯ ತೊಟ್ಟಿಲನ್ನು ಬಳಸಬಾರದೆಂದಿಲ್ಲ. ಬೋಲ್ಟು, ಬೀಗ, ಪಟ್ಟಿ ಒಂದೂ ಕಳೆದಿರಬಾರದು. ವಿದೇಶದಿಂದ ತಂದದ್ದಾದರೆ ಅಡಿಯಲ್ಲಿರುವ ಮಾದರಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ, ಅದನ್ನು ಕಂಪನಿ ಹಿಂಪಡೆದಿದೆಯೇ ನೋಡಿ. ಬಣ್ಣ ಬಳಿದ ಹಳೆಯ ಮರದ ತೊಟ್ಟಿಲಾದರೆ ಇನ್ನೊಂದು ಎಚ್ಚರಿಕೆ: ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಪೇಟೆಯ ಬಣ್ಣ ಬಳಿದ ಅಂಚನ್ನು ಮಗು ಮುಂದೊಂದು ದಿನ ಚೀಪುತ್ತದೆ. ಅರಗಿನ ಬಣ್ಣದಲ್ಲಿ ರಾಮಾಯಣದ ಕಥೆ ಬರೆದ ಕಲಘಟಗಿಯ ತೊಟ್ಟಿಲು ಮನೆಯಲ್ಲಿದ್ದರೆ ನೀವು ಪುಣ್ಯವಂತರು. ನಾಮಕರಣದ ದಿನ ಅದರಲ್ಲಿ ಹಾಕಿ ತೂಗಿ, ಹಾಡಿ, ರಾತ್ರಿಗೆ ಮಗುವನ್ನು ತಾಯಿಯ ಪಕ್ಕದ ತೊಟ್ಟಿಲಿಗೆ ತನ್ನಿ.

ಸೊಳ್ಳೆಯ ಕಾಟಕ್ಕೆ ಬತ್ತಿ ಹಚ್ಚುವ ಬದಲು ತಾಯಿ, ತೊಟ್ಟಿಲು ಎರಡನ್ನೂ ಒಳಗೊಳ್ಳುವ ದೊಡ್ಡ ಪರದೆ ಕಟ್ಟುವುದು ಮೇಲು, ಅದು ತೊಟ್ಟಿಲಿನೊಳಗೆ ಜೋತುಬೀಳದಂತೆ ಬಿಗಿಯಾಗಿರಲಿ. ಚಾರ್ಜರಿನ ತಂತಿ, ಕಿಟಕಿಯ ಪರದೆಯ ದಾರ ಮೂರು ಅಡಿ ದೂರವಿರಲಿ. ರಾತ್ರಿ ಹಾಲು ಕುಡಿಸುತ್ತ ತೂಕಡಿಕೆ ಬರುವುದು ಸಹಜ. ಅದಕ್ಕೆ ಹೆದರಿ ಸೋಫಾದಲ್ಲಿ ಕುಳಿತು ಕುಡಿಸುವುದು ಇನ್ನೂ ಅಪಾಯಕರ, ಏಕೆಂದರೆ ಸೋಫಾದ ಮೆತ್ತೆಯ ಸಂದಿಗೆ ಮಗು ಜಾರಿದರೆ ತಿಳಿಯುವುದೇ ಇಲ್ಲ. ಮಂಚದಲ್ಲೇ ದಿಂಬು, ಹೊದಿಕೆಗಳನ್ನು ದೂರ ಸರಿಸಿ ಕುಡಿಸಿ, ಎಚ್ಚರವಾದ ಕೂಡಲೇ ಮಗುವನ್ನು ಅದರ ಜಾಗಕ್ಕೆ ಮರಳಿಸಿ.

ಈ ತೊಟ್ಟಿಲಿನ ಆಯಸ್ಸು ಚಿಕ್ಕದು. ಹಲವು ಕಂಪನಿಗಳು ಸುಮಾರು 9 ಕಿಲೋ ತೂಕದ ಮಿತಿ ಹೇಳುತ್ತವೆ, ಆದರೆ ತೂಕಕ್ಕಿಂತ ಮೊದಲು ಬರುವುದು ಮಗುವಿನ ಚಟುವಟಿಕೆ: ಅಂಗೈ ಮತ್ತು ಮೊಣಕಾಲೂರಿ ಮೈಯೆತ್ತಲು ಅಥವಾ ಆಸರೆಯಿಲ್ಲದೆ ಕೂರಲು ತೊಡಗಿದ ದಿನವೇ ಅದನ್ನು ಬಿಚ್ಚಿ ಕಟ್ಟಿಡಬೇಕು. ಸಾಮಾನ್ಯವಾಗಿ ಐದಾರು ತಿಂಗಳಿಗೆ ಆ ಹಂತ ಬಂದೇ ಬರುತ್ತದೆ. ಮುಂದಿನದು ನಾಲ್ಕೂ ಬದಿ ಎತ್ತರವಿರುವ ದೊಡ್ಡ ತೊಟ್ಟಿಲು, ಮತ್ತು ಅದಕ್ಕೂ ಈ ಕೋಣೆಯಲ್ಲೇ ಜಾಗ ಬೇಕಾಗುವುದರಿಂದ, ಟೇಪು ಹಿಡಿದು ಮಂಚ ಅಳೆಯುವ ದಿನವೇ ಕೋಣೆಯ ಉಳಿದ ಗೋಡೆಯನ್ನೂ ಅಳೆದಿಟ್ಟುಕೊಳ್ಳಿ.