ಕೇಂಬ್ರಿಡ್ಜಿನಲ್ಲಿ ಉರುಳಿದ್ದು ನ್ಯೂಟನ್ ನೋಡಿದ ಮರ ಅಲ್ಲ

"ನ್ಯೂಟನ್ ಸೇಬು ಬೀಳೋದನ್ನು ನೋಡಿದ ಮರ ಕೇಂಬ್ರಿಡ್ಜ್ ಬೊಟಾನಿಕ್ ಗಾರ್ಡನ್ನಿನಲ್ಲಿತ್ತು, ಬಿರುಗಾಳಿಗೆ ಉರುಳಿತು" ಎಂಬ ಮೆಸೇಜು ಓಡಾಡುತ್ತಿದೆ. ಸರಿಯಾಗಿ ನೋಡದೆ ನಾನೂ ಫಾರ್ವರ್ಡ್ ಮಾಡಿದ್ದೆ. ತಪ್ಪಾಯ್ತು.

ಮರ ಉರುಳಿದ್ದು ನಿಜ, 2022ರ ಫೆಬ್ರವರಿಯಲ್ಲಿ, ಯೂನಿಸ್ ಬಿರುಗಾಳಿಗೆ. ಆದರೆ ಅದನ್ನು ನೆಟ್ಟಿದ್ದೇ 1954ರಲ್ಲಿ. ಈ ತೋಟ ಈಗಿರುವ ಜಾಗದಲ್ಲಿ ತೆರೆದದ್ದು 1846ರಲ್ಲಿ. ನ್ಯೂಟನ್ ತೀರಿಕೊಂಡಿದ್ದು 1727ರಲ್ಲಿ. ಲೆಕ್ಕ ಕೂಡೋದೇ ಇಲ್ಲ, ಅಲ್ವಾ?

ಮೂಲ ಮರ ಇರುವುದು ಲಿಂಕನ್‌ಶೈರಿನ ವೂಲ್ಸ್‌ಥಾರ್ಪ್‌ನಲ್ಲಿ, ನ್ಯೂಟನ್ ಹುಟ್ಟಿದ ಮನೆಯ ತೋಟದಲ್ಲಿ. 19ನೇ ಶತಮಾನದ ಶುರುವಿನಲ್ಲಿ ಅದೂ ಗಾಳಿಗೆ ಬಿದ್ದಿತ್ತು. ಮತ್ತೆ ಚಿಗುರಿ ಈಗಲೂ ನಿಂತಿದೆ. ಕೇಂಬ್ರಿಡ್ಜಿನದು ಅದರ ವಂಶದ ಕಸಿ ಗಿಡ, ನಮ್ಮಲ್ಲಿ ಮಾವಿಗೆ ಕಸಿ ಕಟ್ಟುತ್ತಾರಲ್ಲ, ಹಾಗೆ.

ಹಳೆ ಮೆಸೇಜು ಸುಮ್ನೆ ಅಳಿಸಿಬಿಡಿ, ಮುಂದಕ್ಕೆ ಕಳಿಸಬೇಡಿ.